ತ್ರಿಭುಜದ ಪಾದ, ಉಚ್ಚಂಗೆಮ್ಮನ ಪಾದ



ಭರತ ಹುಣ್ಣಿಮೆ ಮುಗಿದು ಮೂರೋ ನಾಲ್ಕೋ ದಿನವಾಗಿತ್ತು. ಎಂಟನೆಯ ತರಗತಿಯ ಅರ್ಧಕ್ಕರ್ಧ ಮಕ್ಕಳ ಹಣೆಯಲ್ಲಿ ಜಾತ್ರೆಯ ಭಂಡಾರ ಇನ್ನೂ ಪೂರ್ತಿ ಅಳಿಸಿರಲಿಲ್ಲ. ನಾನು ಹಲಗೆಯ ಮೇಲೊಂದು ತ್ರಿಭುಜ ಬರೆದೆ. ಅದರ ಕೆಳಗಿನ ಗೆರೆಯ ಮೇಲೆ ಸೀಮೆಸುಣ್ಣವನ್ನು ಎರಡು ಸಲ ಒತ್ತಿ ಎಳೆದು, ‘ಇದು ಪಾದ’ ಅಂದೆ. ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತಳು.

‘ಮೇಡಂ, ಪಾದ ಅಂದ್ರ ಅಮ್ಮನ ಪಾದ ಅಲ್ರೀ? ಬೆಟ್ಟದ ಕೆಳಗ ಪೂಜಿ ಮಾಡ್ತಾರಲ್ರೀ. ತ್ರಿಭುಜಕ್ಕ ಯಾಕ ಪಾದ ಬಂತು?’

ಯಾರೂ ನಗಲಿಲ್ಲ. ಎಲ್ಲರಿಗೂ ಅದು ಕೇಳಬೇಕಾದ ಮಾತೇ ಅನ್ನಿಸಿರಬೇಕು. ಕಿಟಕಿಯ ಆಚೆ, ಅಮ್ಮ ಅಂದರೆ ಉಚ್ಚಂಗೆಮ್ಮ ನೆಲೆಸಿರುವ ಉಚ್ಚಂಗಿದುರ್ಗದ ಬೆಟ್ಟ ಬಿಸಿಲಿಗೆ ಕಾಯುತ್ತಾ ನಿಂತಿತ್ತು. ‘ನಾಳೆ ಹೇಳ್ತೀನಿ, ಕೂತ್ಕೋಮ್ಮ’ ಅಂದೆ. ಮರುದಿನ ಏನೋ ಒಂದಿಷ್ಟು ಹೇಳಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವರ್ಷ ವರ್ಷವೂ ಬೇರೆ ಬೇರೆ ಮಕ್ಕಳ ಮುಂದೆ ಅದೇ ಗೆರೆ ಎಳೆಯುವಾಗ ಅವಳ ದನಿ ಕೇಳಿಸುತ್ತಿತ್ತು. ಇವತ್ತು ನಿಮ್ಮ ಮುಂದೆ ಆಡುತ್ತಿರುವುದು ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಗಣಿತದ ಕನ್ನಡವನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಅದರ ತುಂಬ ಮೈ ಇದೆ. ಆಕೃತಿಯ ಬದಿಗೆ ಭುಜ ಅನ್ನುತ್ತೇವೆ, ಬಾಹು ಅನ್ನುತ್ತೇವೆ. ಲಂಬಕೋನ ತ್ರಿಭುಜದ ಉದ್ದನೆಯ ಬದಿ ಕರ್ಣ, ಅಂದರೆ ಕಿವಿ. ಎರಡು ಬದಿ ಕೂಡುವ ತುದಿ ಶೃಂಗ, ಅಂದರೆ ಕೊಂಬು, ಕೋಡು, ಬೆಟ್ಟದ ನೆತ್ತಿ. 499ರ ಸುಮಾರಿಗೆ ‘ಆರ್ಯಭಟೀಯ’ವನ್ನು ಬರೆದ ಆರ್ಯಭಟ ತ್ರಿಭುಜದ ವಿಸ್ತೀರ್ಣವನ್ನು ಫಲಶರೀರ ಎಂದು ಕರೆದ. ತೋಳು, ಕಿವಿ, ಕೋಡು, ಶರೀರ ಎಲ್ಲ ಇರುವ ಒಂದು ಜೀವಕ್ಕೆ ನಿಲ್ಲಲು ಪಾದವೂ ಬೇಕಲ್ಲ! ‘ಅರ್ಧ ಗುಣಿಸು ಪಾದ ಗುಣಿಸು ಎತ್ತರ’ ಎಂದು ನಮ್ಮ ಮಕ್ಕಳು ರಾಗವಾಗಿ ಬಾಯಿಪಾಠ ಹೇಳುತ್ತಾರೆ. ಶಂಕುವಿಗೂ ಪಾದ, ಸಿಲಿಂಡರಿಗೂ ಪಾದ. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಬಂದರೆ ಗೋಪುರದ ಪಾದ, ಕಂಬದ ಪಾದ, ಲಂಬದ ಪಾದ.

ನಮ್ಮ ಬೆಟ್ಟದ ಹೆಸರಿನಲ್ಲೂ ರೇಖಾಗಣಿತದ ಒಂದು ಮಾತು ಅಡಗಿದೆ. 6ನೆಯ ಶತಮಾನದ ಕದಂಬ ಹರಿವರ್ಮನ ಹಲಸಿಯ ತಾಮ್ರಪಟದಲ್ಲಿ ಈ ಜಾಗ ‘ಉಚ್ಚಶೃಂಗಿ’ ಎಂದು ಕಾಣಿಸಿಕೊಳ್ಳುತ್ತದೆ. ಎತ್ತರದ ಶೃಂಗವುಳ್ಳದ್ದು! ಹಲಗೆಯ ಮೇಲೆ ತ್ರಿಭುಜದ ಮೇಲ್ತುದಿಗೆ ನಾವು ಯಾವ ಮಾತು ಬಳಸುತ್ತೇವೋ ಅದೇ ಮಾತು ಈ ಊರಿನ ನೆತ್ತಿಯ ಮೇಲೂ ಇದೆ. ಶೃಂಗ ಮೇಲೆ ಇದ್ದ ಕಡೆ ಪಾದ ಕೆಳಗಿರಲೇಬೇಕು. ನಮ್ಮ ಸೀಮೆಯ ಜನ ಅದಕ್ಕೆ ಪಾದಗಟ್ಟೆ ಎನ್ನುತ್ತಾರೆ.

ಪಾದಗಟ್ಟೆಯನ್ನು ನೋಡದವರಿಗೆ ಒಂದು ಮಾತು. ದೇವರು ಬೆಟ್ಟದ ಮೇಲೆಯೋ ಊರೊಳಗೆಯೋ ಇರುತ್ತಾನೆ. ದಾರಿ ಶುರುವಾಗುವಲ್ಲಿ, ಊರ ಬಾಗಿಲಿಗೋ ಬೆಟ್ಟದ ಬುಡಕ್ಕೋ, ಒಂದು ಕಟ್ಟೆ. ಅದರ ಮೇಲೆ ಕಲ್ಲಿನಲ್ಲಿ ಕಡೆದ ಎರಡು ಪಾದ. ಬೆರಳುಗಳು ಸವೆದು ನುಣ್ಣಗಾಗಿರುತ್ತವೆ, ಮೇಲೆ ಅರಿಶಿನ ಕುಂಕುಮ ಹೆಪ್ಪುಗಟ್ಟಿರುತ್ತದೆ. ಮೊಣಕಾಲು ನೋವಿರುವ ಮುದುಕರು, ಹಸಿ ಬಾಣಂತಿಯರು, ಎತ್ತುಗಳನ್ನು ಬಿಟ್ಟು ಬರಲಾರದವರು ಅಲ್ಲಿಯೇ ಕಾಯಿ ಒಡೆದು ಕೈಮುಗಿಯುತ್ತಾರೆ. ಮೇಲೆ ಹೋದವನ ಪೂಜೆ ಎಷ್ಟು ಸಲ್ಲುತ್ತದೋ ಅಷ್ಟೇ ಇವರ ಪೂಜೆಯೂ ಸಲ್ಲುತ್ತದೆ ಅನ್ನುವ ನಂಬಿಕೆ. ಹಿಂದಿನ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಕೆಲವು ಜಾತಿಯವರನ್ನು ಅಲ್ಲಿಂದ ಮುಂದಕ್ಕೆ ಬಿಡುತ್ತಲೇ ಇರಲಿಲ್ಲ. ಅದನ್ನೂ ಇಲ್ಲಿ ಹೇಳಬೇಕು. ಒಂದೇ ಕಟ್ಟೆ ಕೆಲವರಿಗೆ ಅನುಕೂಲವಾಗಿತ್ತು, ಕೆಲವರಿಗೆ ಗಡಿಯಾಗಿತ್ತು.

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಾಘ ಮಾಸ ಬಂತೆಂದರೆ ಇಡೀ ನೆಲವೇ ನಡೆಯತೊಡಗುತ್ತದೆ. ಮೈಲಾರದ ಕಾರಣಿಕಕ್ಕೆ ಒಂದು ಸಾಲು, ಉಚ್ಚಂಗೆಮ್ಮನ ಜಾತ್ರೆಗೆ ಇನ್ನೊಂದು ಸಾಲು. ಹುಣ್ಣಿಮೆ ಕಳೆದು ಮೂಲಾ ನಕ್ಷತ್ರ ಬಂದಾಗ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ತೇರು. ದಾವಣಗೆರೆಯಿಂದ ಕೊಟ್ಟೂರಿಗೆ ಸಾವಿರಾರು ಜನ ಪಾದಯಾತ್ರೆ ಹೊರಡುತ್ತಾರೆ. ರಾತ್ರಿಯೆಲ್ಲ ನಡೆಯುತ್ತಾರೆ. ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿಕೊಂಡು ಮಜ್ಜಿಗೆ, ಮಂಡಕ್ಕಿ, ಚಿತ್ರಾನ್ನ ಕೊಡುವವರಿರುತ್ತಾರೆ. ಒಂದು ವರ್ಷ ಅಲ್ಲಿ ಕಂಡ ಒಬ್ಬ ಹುಡುಗ ನನಗೆ ಇನ್ನೂ ನೆನಪಿದ್ದಾನೆ. ಕಾಲೇಜು ಓದುವ ವಯಸ್ಸು. ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗುರುತು ಪರಿಚಯವಿಲ್ಲದ ಮುದುಕರೊಬ್ಬರ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೊಬ್ಬೆ ಬಂದ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಮುದುಕರು ಸಂಕೋಚಪಟ್ಟು ‘ಬ್ಯಾಡಪ್ಪಾ, ಬ್ಯಾಡಪ್ಪಾ’ ಅನ್ನುತ್ತಿದ್ದರು. ಅವನು ತಲೆ ಎತ್ತದೆ ‘ಇರ್‍ರೀ ಅಜ್ಜಾ’ ಅಂದ. ಪಾದಪೂಜೆ ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಕಣ್ಣಿಗೆ ಬೆಳ್ಳಿಯ ತಟ್ಟೆಯ ಬದಲು ಆ ಎಣ್ಣೆಗೈ ಕಾಣುತ್ತದೆ.

ಪಾದ ಅನ್ನುವ ಮಾತು ನಮ್ಮ ಧಾರ್ಮಿಕ ಬದುಕಿನಲ್ಲಿ ಎಷ್ಟು ಕಡೆ ಹಬ್ಬಿದೆ ನೋಡಿ. ಲಿಂಗಾಯತರ ಅಷ್ಟಾವರಣದ ಎಂಟರಲ್ಲಿ ಪಾದೋದಕವೂ ಒಂದು. ಮಾಧ್ವ ಯತಿಗಳನ್ನು ಶ್ರೀಪಾದಂಗಳವರು ಎಂದು ಕರೆಯುತ್ತಾರೆ. ಪಂಢರಪುರಕ್ಕೆ ಹೋದವರು ವಿಠ್ಠಲನ ಪಾದಕ್ಕೆ ಹಣೆ ಮುಟ್ಟಿಸಿ ಬರುತ್ತಾರೆ. ಹಿರಿಯರು ತೀರಿಕೊಂಡರೆ ‘ಸತ್ತರು’ ಎನ್ನಲು ಬಾಯಿ ಬರುವುದಿಲ್ಲ, ‘ಶಿವನ ಪಾದ ಸೇರಿದರು’ ಅನ್ನುತ್ತೇವೆ. ಮಗು ಹುಟ್ಟಿದ ಮನೆಯಲ್ಲೂ ಮೊದಲು ಕೇಳುವ ಮಾತು ‘ಯಾವ ನಕ್ಷತ್ರ, ಎಷ್ಟನೇ ಪಾದ?’ ಈ ಕೊನೆಯದು ಶುದ್ಧ ರೇಖಾಗಣಿತ. ಆಕಾಶದ ವೃತ್ತದ 360 ಡಿಗ್ರಿಯನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 13 ಡಿಗ್ರಿ 20 ಮಿನಿಟು. ಅದನ್ನು ಮತ್ತೆ ನಾಲ್ಕು ಪಾಲು ಮಾಡಿದರೆ 3 ಡಿಗ್ರಿ 20 ಮಿನಿಟಿನ ಒಂದು ಪಾದ. ಒಟ್ಟು 108 ಪಾದ. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ಅದರ ಕಾಲುಭಾಗ ಎಂಬ ಎಣಿಕೆಯಿಂದ ಪಾದಕ್ಕೆ ನಾಲ್ಕನೆಯ ಒಂದು ಪಾಲು ಅನ್ನುವ ಅರ್ಥ ಬಂತು. ಕನ್ನಡದ ‘ಕಾಲು’ ಕೂಡ ಹಾಗೆಯೇ ಅಲ್ಲವೇ? ಕಾಲು ಕೇಜಿ ಸಕ್ಕರೆ ಎನ್ನುವಾಗ ನಾವು ಆಡುತ್ತಿರುವುದು ಅದೇ ಪ್ರಾಣಿಯ ಕಾಲಿನ ಮಾತು. ಆರ್ಯಭಟನ ಪುಸ್ತಕದ ನಾಲ್ಕು ಭಾಗಗಳಿಗೂ ಪಾದಗಳೆಂದೇ ಹೆಸರು. ಲೆಕ್ಕ ಹೇಳುವ ಭಾಗ ಗಣಿತಪಾದ.

ನಮ್ಮದೇ ಅಚ್ಚಗನ್ನಡದ ‘ಅಡಿ’ಯನ್ನು ಮರೆಯಬಾರದು. ಬಾವಿ ಇಪ್ಪತ್ತು ಅಡಿ ಆಳ ಎನ್ನುವಾಗಲೂ ಅಡಿ, ಗುರುವಿನ ಅಡಿಗೆರಗುವಾಗಲೂ ಅಡಿ, ಮನೆಗೆ ಹಾಕುವುದೂ ಅಡಿಪಾಯ. ಅಳೆಯುವುದಕ್ಕೂ ನಮಸ್ಕರಿಸುವುದಕ್ಕೂ ನಾವು ಬೇರೆ ಬೇರೆ ಮಾತು ಹುಡುಕಲೇ ಇಲ್ಲ. ಮನುಷ್ಯ ಹಿಂದಿನಿಂದಲೂ ತನ್ನ ಕಾಲಿನಿಂದ ಅಳೆದಿದ್ದಾನೆ. ಬಲಿಯ ಮುಂದೆ ನಿಂತ ವಾಮನ ಕೇಳಿದ್ದು ಮೂರು ಹೆಜ್ಜೆ ನೆಲ. ಅಳತೆಗೋಲು ಅವನ ಪಾದವೇ. ಮೂರನೆಯ ಹೆಜ್ಜೆಯನ್ನು ಬಲಿ ತನ್ನ ತಲೆಯ ಮೇಲೆ ಇಡಿಸಿಕೊಂಡ. ದೀಪಾವಳಿಯ ಬಲಿಪಾಡ್ಯಮಿಯ ದಿನ ನಮ್ಮ ರೈತರು ನೆನೆಯುವುದು ಅಳೆದವನನ್ನಲ್ಲ, ಪಾದ ಹೊತ್ತವನನ್ನು.

ಹಾಗಾದರೆ ತ್ರಿಭುಜಕ್ಕೆ ಪಾದ ಎಂಬ ಹೆಸರು ಹಳೆಯ ಕಾಲದಿಂದಲೇ ಇತ್ತೇ? ನಾನು ಬಹಳ ದಿನ ಹಾಗೆಂದೇ ತಿಳಿದಿದ್ದೆ. ಆದರೆ ಹಳೆಯ ಗಣಿತ ಗ್ರಂಥಗಳಲ್ಲಿ ಅದಕ್ಕೆ ಬೇರೆ ಹೆಸರಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನಾಗಲಿ, 1150ರಲ್ಲಿ ‘ಲೀಲಾವತಿ’ಯನ್ನು ಬರೆದ ಭಾಸ್ಕರಾಚಾರ್ಯನಾಗಲಿ ಕೆಳಗಿನ ಬದಿಯನ್ನು ಭೂಮಿ ಎನ್ನುತ್ತಾರೆ. ಚತುರ್ಭುಜದ ಮೇಲಿನ ಬದಿ ಮುಖ, ಕೆಳಗಿನದು ಭೂಮಿ. ನಮ್ಮ ಪಕ್ಕದ ತೆಲುಗು ಮಕ್ಕಳು ಇಂದಿಗೂ ಭೂಮಿ ಎಂದೇ ಓದುತ್ತಾರೆ. ಮರಾಠಿಯವರಿಗೆ ಅದು ಪಾಯಾ, ಹಿಂದಿಯವರಿಗೆ ಆಧಾರ, ತಮಿಳರಿಗೆ ಅಡಿಪ್ಪಕ್ಕ. ಕನ್ನಡದ ಪಠ್ಯಪುಸ್ತಕ ಪಾದ ಎಂದಿತು. ಭೂಮಿ ಎಂದಾಗ ಆಕೃತಿ ನೆಲದ ಮೇಲೆ ಕೂರುತ್ತದೆ. ಪಾದ ಎಂದಾಗ ಆಕೃತಿ ತನ್ನ ಕಾಲ ಮೇಲೆ ತಾನೇ ಎದ್ದು ನಿಲ್ಲುತ್ತದೆ. ಕನ್ನಡದ ಆಯ್ಕೆಯೇ ನನಗೆ ಹೆಚ್ಚು ಇಷ್ಟ.

‘ಲೀಲಾವತಿ’ಯ ಒಂದು ತ್ರಿಭುಜವನ್ನು ನಾನು ಪ್ರತಿ ವರ್ಷವೂ ತರಗತಿಗೆ ಒಯ್ಯುತ್ತಿದ್ದೆ. ಅದರ ಬದಿಗಳು 13, 14, 15. ಭಾಸ್ಕರಾಚಾರ್ಯ ಈ ಸಂಖ್ಯೆಗಳನ್ನು ಹೇಳುವ ಬಗೆಯಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರವಿದೆ. ಪಾದದ ಬದಿಗೆ ಅವನು ಮಹೀ ಅನ್ನುತ್ತಾನೆ, ಅಂದರೆ ಭೂಮಿ. ಅದರ ಉದ್ದ ಹದಿನಾಲ್ಕು ಎನ್ನುವುದಕ್ಕೆ ‘ಮನು’ಗಳಷ್ಟು ಎನ್ನುತ್ತಾನೆ, ಮನುಗಳು ಹದಿನಾಲ್ಕು ಮಂದಿಯಲ್ಲವೇ? ಹದಿನೈದು ಎನ್ನುವುದಕ್ಕೆ ‘ತಿಥಿ’ಗಳಷ್ಟು ಎನ್ನುತ್ತಾನೆ. ಪಾಡ್ಯದಿಂದ ಹುಣ್ಣಿಮೆಯವರೆಗಿನ ತಿಥಿಗಳೇ ಒಂದು ತ್ರಿಭುಜದ ಬದಿಯಾಗಿಬಿಟ್ಟಿವೆ! ಪೂಜೆಯ ಮಾತು ಒಂದು ಕಡೆ, ಅಳತೆಯ ಮಾತು ಇನ್ನೊಂದು ಕಡೆ ಎಂದು ಗೋಡೆ ಕಟ್ಟಿಕೊಂಡು ಅವನು ಬರೆಯಲಿಲ್ಲ. ಭರತ ಹುಣ್ಣಿಮೆಗೆ ಬೆಟ್ಟ ಹತ್ತಿ ಬಂದ ಮಕ್ಕಳಿಗೆ ತಿಥಿ ಎಷ್ಟೆಂದು ಹೇಳಿಕೊಡುವ ಅಗತ್ಯ ನನಗೂ ಬೀಳುತ್ತಿರಲಿಲ್ಲ.

ಮದುವೆಯ ಕರೆಯೋಲೆಯ ರಟ್ಟಿನಲ್ಲಿ ಆ ತ್ರಿಭುಜವನ್ನು ಕತ್ತರಿಸುತ್ತಿದ್ದೆವು. 13 ಸೆಂಟಿಮೀಟರು, 14, 15. ಮೊದಲು 14ರ ಬದಿಯನ್ನು ಮೇಜಿನ ಮೇಲೆ ಊರಿ ನಿಲ್ಲಿಸಿ, ತುದಿಯಿಂದ ದಾರಕ್ಕೆ ಕಟ್ಟಿದ ಸಣ್ಣ ಕಲ್ಲು ಇಳಿಬಿಟ್ಟರೆ ಎತ್ತರ 12. ಹದಿನಾಲ್ಕು ಹನ್ನೆರಡಲೆ ನೂರ ಅರವತ್ತೆಂಟು, ಅದರ ಅರ್ಧ 84. ಈಗ ರಟ್ಟನ್ನು ಹೊರಳಿಸಿ 15ರ ಬದಿಯನ್ನು ಕೆಳಗೆ ಮಾಡಿ. ಎತ್ತರ 11.2ಕ್ಕೆ ಇಳಿಯುತ್ತದೆ. ಗುಣಿಸಿ ಅರ್ಧ ಮಾಡಿ, ಮತ್ತೆ 84. ಇನ್ನೊಮ್ಮೆ ಹೊರಳಿಸಿ, 13 ಕೆಳಗೆ. ಎತ್ತರ ಸುಮಾರು 12.92. ಈಗಲೂ 84. ಎಂಟನೆಯ ತರಗತಿಯ ಮಕ್ಕಳು ಇದನ್ನು ಮೊದಲ ಸಲ ಕೈಯಾರೆ ಮಾಡಿದಾಗ ಅವರ ಮುಖ ನೋಡಬೇಕು. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಪಾದವೆಂದರೆ ಕೆಳಗಿರುವ ಗೆರೆ. ಹಲಗೆಯ ಮೇಲೆ ತ್ರಿಭುಜವನ್ನು ಓರೆಯಾಗಿ ಬರೆದರೆ ಸಾಕು, ‘ಇದಕ್ಕ ಪಾದ ಇಲ್ರೀ’ ಅನ್ನುತ್ತಾರೆ. ಪಾದ ಕೆಳಗೆ ಇರುವಂಥದ್ದಲ್ಲ, ನಾವು ಯಾವುದನ್ನು ಊರುತ್ತೇವೋ ಅದು ಪಾದ. ಮೂರು ಬದಿಗೂ ಆ ಯೋಗ್ಯತೆ ಇದೆ. ನಾವು ಆರಿಸಿದ ಬದಿಗೆ ತಕ್ಕಂತೆ ಎತ್ತರ ಬದಲಾಗುತ್ತದೆ, ಮೈ ಮಾತ್ರ ಅಷ್ಟೇ ಇರುತ್ತದೆ.

ಈ ಮಾತನ್ನು ನನಗೆ ತಿರುಗಿ ಕಲಿಸಿದ್ದು ಇನ್ನೊಬ್ಬ ಹುಡುಗಿ. ಅದನ್ನು ಹೇಳುವ ಮೊದಲು ಬೆಟ್ಟದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಉಚ್ಚಂಗಿಯ ಚರಿತ್ರೆಯನ್ನು ನಾವು ಯಾವಾಗಲೂ ಶೃಂಗದಿಂದ ಓದುತ್ತೇವೆ. ನೊಳಂಬರ ಕೋಟೆ ಇದು. 10ನೆಯ ಶತಮಾನದಲ್ಲಿ ಗಂಗರ ಎರಡನೆಯ ಮಾರಸಿಂಹ ಇದನ್ನು ಗೆದ್ದು ನೊಳಂಬಕುಲಾಂತಕ ಅನ್ನಿಸಿಕೊಂಡ. ಆಮೇಲೆ ಉಚ್ಚಂಗಿಯ ಪಾಂಡ್ಯರು ಬಂದರು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ತಲಕಾಡಿನ ಜೊತೆಗೆ ಉಚ್ಚಂಗಿಯೂ ಸೇರಿತು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆಯನ್ನು ಇಮ್ಮಡಿ ಬಲ್ಲಾಳ ಹಿಡಿದನೆಂದೂ, ಪಾಂಡ್ಯ ಶರಣು ಬಂದಾಗ ರಾಜ್ಯವನ್ನು ಅವನಿಗೇ ಮರಳಿಸಿದನೆಂದೂ ಶಾಸನಗಳು ಹೇಳುತ್ತವೆ. ಮುಂದೆ ಹರಪನಹಳ್ಳಿಯ ಪಾಳೆಯಗಾರರು. ಹತ್ತಿದವರ, ಹಿಡಿದವರ ಕಥೆಯೇ ಎಲ್ಲ. ಇದರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಮಾರಸಿಂಹನ ಕೊನೆ. ಇಷ್ಟು ಎತ್ತರದ ಕೋಟೆಯನ್ನು ಗೆದ್ದವನು ರಾಜ್ಯ ಬಿಟ್ಟು ಬಂಕಾಪುರಕ್ಕೆ ಹೋಗಿ, ಅಜಿತಸೇನ ಭಟ್ಟಾರಕರ ಪಾದಮೂಲದಲ್ಲಿ ಮೂರು ದಿನ ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಗೆಲುವುಗಳ ಜೊತೆಗೆ ಇದನ್ನೂ ಹೇಳುತ್ತದೆ.

ಆದರೆ ಈ ಬೆಟ್ಟಕ್ಕೆ ಇನ್ನೊಂದು ಬದಿಯಿದೆ. ಅದನ್ನು ಊರಿ ನಿಲ್ಲಿಸಿ ಅಳೆದವರು ಕಡಿಮೆ. ಇದೇ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ‘ಉಧೋ ಉಧೋ’ ಎಂಬ ಕೂಗಿನ ನಡುವೆ, ಎಷ್ಟೋ ಪುಟ್ಟ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿದ್ದಾರೆ. ದೇವರ ಪಾದಕ್ಕೆ ಬಿಡುವುದು ಎನ್ನುತ್ತಿದ್ದರು. ನಮ್ಮ ಬಳ್ಳಾರಿ ಕಡೆ ಬಸವಿ ಬಿಡುವುದು ಎಂಬ ಮಾತೂ ಇತ್ತು. ಮನೆಯಲ್ಲಿ ಕಾಯಿಲೆ, ಬಡತನ, ಗಂಡುಸಂತಾನವಿಲ್ಲ, ತಲೆಯಲ್ಲಿ ಜಡೆ ಬಂತು, ಏನಾದರೊಂದು ನೆಪ. ಆ ಕೂಸು ಪಾದ ಸೇರಿದ್ದು ಹೆಸರಿಗೆ ಮಾತ್ರ. ಆಮೇಲೆ ಅವಳು ಬದುಕಿದ್ದು ಊರಿನ ಉಳ್ಳವರ ಕಾಲಡಿಯಲ್ಲಿ. ಹರಪನಹಳ್ಳಿ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗಲೇ, 1947ರಲ್ಲಿ, ಅಲ್ಲಿ ಈ ದೇವದಾಸಿ ಪದ್ಧತಿಯನ್ನು ತಡೆಯುವ ಕಾಯ್ದೆ ಬಂತು. ಅದರ ಹಿಂದೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಇಪ್ಪತ್ತು ವರ್ಷಗಳ ಹೋರಾಟವಿತ್ತು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಇಷ್ಟಾದರೂ 1993–94ರಲ್ಲಿ ಮತ್ತು 2007–08ರಲ್ಲಿ ಸರ್ಕಾರ ಎಣಿಸಿದಾಗ ರಾಜ್ಯದಲ್ಲಿ ಎರಡೂ ಸಲ ಸೇರಿ 46 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಲೆಕ್ಕಕ್ಕೆ ಸಿಕ್ಕರು. ಈಗ ಜಾತ್ರೆಯ ಹೊತ್ತಿಗೆ ಬೆಟ್ಟದ ದಾರಿಯುದ್ದಕ್ಕೂ ಎಚ್ಚರಿಕೆಯ ಫಲಕಗಳಿರುತ್ತವೆ, ಪೊಲೀಸರು ಮತ್ತು ಇಲಾಖೆಯ ಹೆಣ್ಣುಮಕ್ಕಳು ಕಾವಲಿರುತ್ತಾರೆ. ಅವರ ಜೊತೆ ನಿಂತು ಕಾಯುವವರಲ್ಲಿ ಹಿಂದೊಮ್ಮೆ ತಾವೇ ಮುತ್ತು ಕಟ್ಟಿಸಿಕೊಂಡ ತಾಯಂದಿರೂ ಇರುತ್ತಾರೆ.

ಅಂಥ ತಾಯಿಯೊಬ್ಬಳ ಮಗಳು ನನ್ನ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು. ಹತ್ತನೆಯ ತರಗತಿಯಲ್ಲಿ ಯಾವುದೋ ಅರ್ಜಿ ತುಂಬಿಸಬೇಕಿತ್ತು. ‘ತಂದೆಯ ಹೆಸರು’ ಎಂಬ ಸಾಲನ್ನು ಅವಳು ಖಾಲಿ ಬಿಟ್ಟಿದ್ದಳು. ಒಂದು ಕಚೇರಿಯಲ್ಲಿ ಆ ಅರ್ಜಿಯನ್ನು ತಿರುಗಿಸಿ ಕೊಟ್ಟರು, ‘ಇದು ತುಂಬದೆ ಮುಂದಕ್ಕೆ ಹೋಗಲ್ಲ’ ಅಂದರು. ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು ಅರ್ಜಿಯನ್ನು ಮೇಜಿನ ಮೇಲಿಟ್ಟು ಕೇಳಿದಳು: ‘ಮೇಡಂ, ಯಾವ ಬದಿ ಬೇಕಾದ್ರೂ ಪಾದ ಮಾಡ್ಕೋಬಹುದು ಅಂತ ನೀವೇ ಹೇಳಿದ್ರಲ್ಲ. ಇವ್ರು ಯಾಕ ಒಂದೇ ಬದಿಯಿಂದ ಅಳೀತಾರ?’

ನಾನು ಆ ಹೊತ್ತಿನಲ್ಲಿ ಮಾತಾಡಲಾರದೆ ಹೋದೆ. ಮರುದಿನ ಮುಖ್ಯೋಪಾಧ್ಯಾಯರನ್ನು ಕರೆದುಕೊಂಡು ಮತ್ತೆ ಆ ಕಚೇರಿಗೆ ಹೋದೆವು. ಆ ಸಾಲಿನಲ್ಲಿ ಅವಳ ತಾಯಿಯ ಹೆಸರು ಬರೆದೆವು, ಕೊನೆಗೆ ಅರ್ಜಿ ಮುಂದಕ್ಕೆ ಹೋಯಿತು. ಒಂದು ಪ್ರಮೇಯವನ್ನು ಕಲಿತದ್ದಕ್ಕೆ ಅದಕ್ಕಿಂತ ದೊಡ್ಡ ಗುರುತನ್ನು ನಾನು ಯಾವ ಉತ್ತರಪತ್ರಿಕೆಯಲ್ಲೂ ಕಂಡಿಲ್ಲ.

ಭಾಸ್ಕರಾಚಾರ್ಯನಲ್ಲಿ ಇನ್ನೊಂದು ತ್ರಿಭುಜವಿದೆ. ಬದಿಗಳು 10 ಮತ್ತು 17, ಪಾದ 9. ಈ ತ್ರಿಭುಜ ಒಂದು ಕಡೆಗೆ ಬಹಳ ವಾಲಿಕೊಂಡಿದೆ. ತುದಿಯಿಂದ ದಾರ ಇಳಿಬಿಟ್ಟರೆ ಕಲ್ಲು ಪಾದದ ಗೆರೆಯ ಮೇಲೆ ಬೀಳುವುದಿಲ್ಲ, ಗೆರೆಯನ್ನು ದಾಟಿ ಆರು ಅಳತೆ ಹೊರಗೆ ಬೀಳುತ್ತದೆ. ಅಂದರೆ ಲಂಬದ ಪಾದ ತ್ರಿಭುಜದ ಪಾದದ ಆಚೆ ಇದೆ. ಭಾಸ್ಕರಾಚಾರ್ಯ ಇದನ್ನು ತಪ್ಪು ಎಂದು ಕೈಬಿಡಲಿಲ್ಲ. ಹೊರಗೆ ಬಿದ್ದ ಆ ತುಂಡನ್ನು ಋಣ ಎಂದು ಲೆಕ್ಕಕ್ಕೆ ತೆಗೆದುಕೊಂಡ. ಎತ್ತರ 8 ಬಂತು, ವಿಸ್ತೀರ್ಣ 36 ಬಂತು. ಈ ಲೆಕ್ಕ ಮಾಡಿಸುವಾಗ ನನಗೆ ಪಾದಗಟ್ಟೆಯಿಂದ ಮುಂದಕ್ಕೆ ಬಿಡದೆ ಹೊರಗೇ ನಿಲ್ಲಿಸಿದ ಜನ ನೆನಪಾಗುತ್ತಿದ್ದರು. ಮಕ್ಕಳಿಗೆ ನಾನದನ್ನು ಹೇಳುತ್ತಿರಲಿಲ್ಲ. ಹೊರಗೆ ಬಿದ್ದ ತುಂಡನ್ನು ಬಿಟ್ಟು ಲೆಕ್ಕ ಹಾಕಿದವರಿಗೆ ಉತ್ತರ ತಪ್ಪು ಬರುತ್ತಿತ್ತು, ಅದನ್ನು ಮಾತ್ರ ಕೆಂಪು ಶಾಯಿಯಲ್ಲಿ ತೋರಿಸುತ್ತಿದ್ದೆ.

ಇನ್ನು ಬೆಟ್ಟದ ಪಾದದ ಮಾತು. ಗೋಪುರದ ಎತ್ತರ ಅಳೆಯುವುದು ಸುಲಭ. ಅದರ ಪಾದದವರೆಗೆ ನಡೆದು ಹೋಗಬಹುದು, ಟೇಪು ಹಿಡಿಯಬಹುದು. ಬೆಟ್ಟದ ವಿಷಯ ಹಾಗಲ್ಲ. ಉಚ್ಚಂಗಿಯ ನೆತ್ತಿಯಿಂದ ನೇರ ಕೆಳಕ್ಕೆ ಒಂದು ಲಂಬ ಎಳೆದರೆ ಅದರ ಪಾದ ಬಂಡೆಯ ಹೊಟ್ಟೆಯೊಳಗೆ ಎಲ್ಲೋ ಇರುತ್ತದೆ. ಅಲ್ಲಿ ಯಾರೂ ನಿಂತಿಲ್ಲ, ನಿಲ್ಲುವಂತೆಯೂ ಇಲ್ಲ. ಲಿಂಗೋದ್ಭವದ ಕಥೆ ನಿಮಗೆ ಗೊತ್ತು. ಬೆಳಕಿನ ಕಂಬವಾಗಿ ನಿಂತ ಶಿವನ ಪಾದವನ್ನು ಹುಡುಕುತ್ತ ವಿಷ್ಣು ವರಾಹನಾಗಿ ನೆಲ ಬಗೆದ, ಸಿಗಲಿಲ್ಲ. ಮುಡಿಯನ್ನು ಹುಡುಕುತ್ತ ಬ್ರಹ್ಮ ಹಂಸನಾಗಿ ಹಾರಿದ, ಅವನಿಗೂ ಸಿಗಲಿಲ್ಲ. ಪಾದವೂ ಶೃಂಗವೂ ಸಿಗದ ಮೇಲೆ ಎತ್ತರವೆಲ್ಲಿ? ಅದನ್ನು ಅನಂತ ಎಂದರು. ಬೆಟ್ಟದ ಶೃಂಗವಾದರೂ ನಮಗೆ ಕಾಣುತ್ತದೆ. ಪಾದ ಕಾಣದಿದ್ದರೂ ಅಳೆಯಲು ದಾರಿಯಿದೆ. ಒಂದು ಕಡೆಯಿಂದ ನೋಡಿದರೆ ಸಾಲದು, ಎರಡು ಕಡೆ ನಿಂತು ನೋಡಬೇಕು.

ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ಖಾಲಿ ಪೆನ್ನಿನ ಕೊಳವೆಯನ್ನು ಅಂಟಿಸಿಕೊಂಡು ಮಕ್ಕಳು ಬಯಲಿಗೆ ಹೋಗುತ್ತಿದ್ದರು. ಒಬ್ಬರು ಕೊಳವೆಯಲ್ಲಿ ಕಣ್ಣಿಟ್ಟು ಶಿಖರ ಹಿಡಿಯುವುದು, ಇನ್ನೊಬ್ಬರು ದಾರ ಎಲ್ಲಿ ನಿಂತಿತೆಂದು ಓದುವುದು. ಪಠ್ಯದ ಲೆಕ್ಕದಂತೆ ಹೇಳುವುದಾದರೆ, ಹತ್ತಿರದ ಜಾಗದಲ್ಲಿ ಉನ್ನತ ಕೋನ 45 ಡಿಗ್ರಿ, ಅಲ್ಲಿಂದ 100 ಮೀಟರು ಹಿಂದಕ್ಕೆ ಬಂದರೆ 30 ಡಿಗ್ರಿ ಎಂದುಕೊಳ್ಳಿ. ಆಗ ಎತ್ತರ ಸುಮಾರು 136.6 ಮೀಟರು. ಬಂಡೆಯೊಳಗಿನ ಆ ಪಾದವನ್ನು ಮುಟ್ಟದೆ, ನೋಡದೆ, ಅದು ಎಷ್ಟು ದೂರದಲ್ಲಿದೆ ಎಂಬುದನ್ನೂ ಲೆಕ್ಕ ಹೇಳಿಬಿಡುತ್ತದೆ.

ಮೊದಲು ಪ್ರಶ್ನೆ ಕೇಳಿದ ಆ ಹುಡುಗಿಗೆ ಈ ಎರಡು ಕೋನದ ಉಪಾಯ ಸಾಕೆನಿಸಲಿಲ್ಲ. ಅವಳೂ ಅವಳ ಗೆಳತಿಯರೂ ಸೇರಿ ತಮ್ಮದೇ ದಾರಿ ಕಂಡುಕೊಂಡರು. ಮೆಟ್ಟಿಲುಗಳು ಇವೆಯಲ್ಲ, ಒಂದೊಂದರ ಎತ್ತರವನ್ನೂ ಅಳೆದು ಕೂಡಿಸೋಣ ಅಂದರು. ಒಂದು ಶನಿವಾರ ಮಧ್ಯಾಹ್ನ ಮರದ ಸ್ಕೇಲು, ಒಂದು ನೋಟ್‌ಬುಕ್ಕು ಹಿಡಿದು ಹೊರಟೆವು. ಕಲ್ಲಿನ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಕೆಲವು ಒಂದು ಗೇಣು, ಕೆಲವು ಮೊಣಕಾಲಿನವರೆಗೆ, ಕೆಲವು ನಡುವೆ ಸವೆದು ದೋಣಿಯಂತಾಗಿವೆ. ಸವೆದ ಮೆಟ್ಟಿಲನ್ನು ಅಂಚಿನಲ್ಲಿ ಅಳೆಯಬೇಕೋ ನಡುವಿನಲ್ಲೋ ಎಂದು ಮಕ್ಕಳಲ್ಲಿ ಜಗಳ.

ನಮಗಿಂತ ಹತ್ತು ಮೆಟ್ಟಿಲು ಮುಂದೆ ಒಬ್ಬ ಹೆಂಗಸು ಹತ್ತುತ್ತಿದ್ದಳು. ಏನೋ ಹರಕೆ. ಸೆರಗಿನ ಗಂಟಿನಿಂದ ಅರಿಶಿನ ಕುಂಕುಮ ತೆಗೆದು, ಬಾಗಿ, ಪ್ರತಿ ಮೆಟ್ಟಿಲಿಗೂ ಎರಡು ಬೊಟ್ಟು ಇಟ್ಟು, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಆ ಮೆಟ್ಟಿಲಿನ ಮೇಲೆ ಕಾಲಿಡುತ್ತಿದ್ದಳು. ಬೊಟ್ಟಿಗೆ ಕಾಲು ತಾಗದಂತೆ ಪಕ್ಕಕ್ಕೆ ಊರುತ್ತಿದ್ದಳು. ಅವಳ ಹಿಂದೆ ನಮ್ಮ ಹುಡುಗಿಯರು ಅದೇ ಮೆಟ್ಟಿಲಿಗೆ ಸ್ಕೇಲು ಹಚ್ಚಿ ಅಳತೆ ಕೂಗುತ್ತಿದ್ದರು. ‘ಇಪ್ಪತ್ತೊಂದು.’ ‘ಹತ್ತೊಂಬತ್ತೂವರೆ.’ ನೋಟ್‌ಬುಕ್ಕಿನ ಹಾಳೆಗೆ ಬೆವರು ತಾಗಿ ಅಂಕಿಗಳು ಮಸುಕಾಗುತ್ತಿದ್ದವು. ನಡುವೆ ಒಂದು ಕಡೆ ಅವರ ಲೆಕ್ಕ ತಪ್ಪಿತು. ಎಷ್ಟು ಮೆಟ್ಟಿಲಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಹೆಂಗಸು ತಿರುಗಿ ನೋಡಿದಳು. ‘ಏನ್ ಎಣಸ್ತೀರವ್ವಾ?’ ಅಂದಳು.

‘ಮೆಟ್ಲು, ಅಮ್ಮಾ. ತಪ್ಪಿ ಹೋತು.’

‘ಕೆಳಗಿಂದ ನನ್ನ ಕುಂಕುಮ ಎಣಸ್ರಿ. ಒಂದೂ ಬಿಟ್ಟಿಲ್ಲ ನಾನು’ ಅಂದು ಅವಳು ಮತ್ತೆ ಬಾಗಿದಳು.

ಹುಡುಗಿಯರಿಬ್ಬರು ಸ್ಕೇಲನ್ನು ನನ್ನ ಕೈಗೆ ಕೊಟ್ಟು, ಕುಂಕುಮದ ಬೊಟ್ಟುಗಳನ್ನು ಎಣಿಸಲು ಪಾದಗಟ್ಟೆಯ ಕಡೆಗೆ ಇಳಿದು ಓಡಿದರು.